ಬುಲೆಟ್, ಭಟ್ಟಿ ಮತ್ತು ನಮ್ಮ ಮಾಮಾನ ಲೆಕ್ಕ

1/10
ಒಂದು ಕೆಲಸ ಮಾಡ್ರಿ. ಫೋನಿನಲ್ಲಿ ‘ಬುಲೆಟ್ ಪೌಡರ್ ಕೋಟಿಂಗ್’ ಅಂತ ಹುಡುಕ್ರಿ. ಎರಡು ನಮೂನೆಯ ವಿಡಿಯೋ ಬರುತ್ತವೆ. ಮೊದಲನೇದರಲ್ಲಿ ನಮ್ಮ ಹುಬ್ಬಳ್ಳಿ, ದಾವಣಗೆರೆ ಕಡೆಯಂಥ ಯಾವುದೋ ಶೆಡ್ಡಿನಲ್ಲಿ ಬುಲೆಟ್ ಬೈಕಿನ ಫ್ರೇಮ್ ನೇತಾಡುತ್ತಿರುತ್ತದೆ, ಒಬ್ಬರು ಗನ್ ಹಿಡಿದು ಕಪ್ಪು ಪುಡಿ ಹೊಡೆಯುತ್ತಿರುತ್ತಾರೆ. ಎರಡನೇದರಲ್ಲಿ ಅಮೆರಿಕದ ಯಾವನೋ ತನ್ನ ಗ್ಯಾರೇಜಿನಲ್ಲಿ ಸೀಸದ ಗುಂಡುಗಳಿಗೆ ಕೆಂಪು, ನೀಲಿ ಬಣ್ಣ ಹಚ್ಚಿ, ಬ್ರೆಡ್ ಸುಡೋ ಓವನ್‌ನಲ್ಲಿ ಇಟ್ಟು ತೆಗೆಯುತ್ತಿರುತ್ತಾನೆ. ನೋಡಲು ಥೇಟ್ ಜಾತ್ರೆಯ ಪೆಪ್ಪರಮೆಂಟ್.

ಈ ಎರಡನೇ ನಮೂನೆಯ ರೀಲ್ ನೋಡಿ ನಮ್ಮ ಕ್ಲಾಸಿನ ಮೂರು ಜನ ನನಗೆ ಮೆಸೇಜ್ ಮಾಡಿದ್ದೀರಿ: “ಮನೆಯ ಓವನ್‌ನಲ್ಲೇ ಆಗುತ್ತಂತೆ, ಬೈಕಿನ ಪಾರ್ಟ್ಸ್ ನಾವೇ ಮಾಡೋಣ, ಬಿಸಿನೆಸ್ ಶುರು ಮಾಡೋಣ.” ಅದೇ ವಾರ ನಮ್ಮ ಸೋದರಮಾವನೂ ಮನೆಗೆ ಬಂದು, “ಯವ್ವಾ, ನಂದೊಂದು ಸ್ವಂತ ಭಟ್ಟಿ ಹಾಕಬೇಕಂತ ಮಾಡೇನಿ, ಲೆಕ್ಕ ಹಾಕಿ ಕೊಡು” ಅಂದ. ಅವನದು ತಮಾಷೆ ಅಲ್ಲ. ಅತ್ತಿಯ ಬೋರಮಾಳ ಸರ ಅಡ ಇಡೋ ಮಾತು. ನಿಮಗೂ ಅವನಿಗೂ ಕೊಡಬೇಕಾದ ಉತ್ತರ ಹೆಚ್ಚುಕಡಿಮೆ ಒಂದೇ. ಅದಕ್ಕೇ ಹತ್ತು ಭಾಗ. ಪೂರ್ತಿ ಓದ್ರಿ.

2/10
ಮೊದಲು ಆ ಅಮೆರಿಕದವನ ಗುಂಡಿನ ಕತೆ ಮುಗಿಸೋಣ.

ಅಲ್ಲಿ ಬಹಳ ಜನ ಹವ್ಯಾಸಕ್ಕೆ ಸೀಸ ಕರಗಿಸಿ, ಅಚ್ಚಿಗೆ ಹೊಯ್ದು ಗುಂಡು ಮಾಡಿಕೊಳ್ಳುತ್ತಾರೆ. ಬರೀ ಸೀಸ ಮೆತ್ತಗಿನ ಲೋಹ. ಕೋವಿಯ ನಳಿಕೆಯಲ್ಲಿ ಉಜ್ಜಿಕೊಂಡು ಹೋಗುವಾಗ ಒಳಗೆ ಸೀಸದ ಪದರ ಮೆತ್ತಿಕೊಳ್ಳುತ್ತದೆ. ಹಿಂದೆ ಅದಕ್ಕೆ ಮೇಣ, ಕೊಬ್ಬು ಸವರುತ್ತಿದ್ದರು. ಈಗ ಪೌಡರ್ ಕೋಟಿಂಗ್ ಹೊದಿಸುತ್ತಾರೆ. ಸೀಸ ಕರಗೋದು ಸುಮಾರು 327 ಡಿಗ್ರಿ ಸೆಲ್ಸಿಯಸ್‌ಗೆ, ಪುಡಿ ಬೇಯೋದು 200ರ ಆಸುಪಾಸಿನಲ್ಲಿ. ಹಾಗಾಗಿ ಗುಂಡಿನ ಆಕಾರ ಕೆಡದೆ ಬಣ್ಣ ಕೂರುತ್ತದೆ. ಇಷ್ಟೇ ಅದರ ಗುಟ್ಟು.

ಆದರೆ ಅದು ಅಲ್ಲಿಯ ಕಾನೂನು. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ಅಂತ ಇದೆ. ಅದರ 5ನೇ ಸೆಕ್ಷನ್ ಪ್ರಕಾರ ಪರವಾನಗಿ ಇಲ್ಲದೆ ಶಸ್ತ್ರವನ್ನಾಗಲಿ ಮದ್ದುಗುಂಡನ್ನಾಗಲಿ ತಯಾರಿಸುವಂತಿಲ್ಲ. ಮದ್ದುಗುಂಡು ಅಂದರೆ ಏನು ಅನ್ನೋ ವ್ಯಾಖ್ಯೆಯಲ್ಲಿ ಅದರ ಬಿಡಿಭಾಗಗಳೂ ಅದನ್ನು ತಯಾರಿಸುವ ಯಂತ್ರಗಳೂ ಸೇರಿವೆ. “ಬರೀ ತುದಿ ಮಾಡಿದ್ದೆ ಸರ್, ಮದ್ದು ತುಂಬಿರಲಿಲ್ಲ” ಅಂದರೆ ನಡೆಯಲ್ಲ. 2019ರ ತಿದ್ದುಪಡಿ ಆದ ಮೇಲೆ ಈ ಅಪರಾಧಕ್ಕೆ ಕನಿಷ್ಠ 7 ವರ್ಷ ಜೈಲು, ಜೀವಾವಧಿಯವರೆಗೂ ಹೋಗಬಹುದು. ಡಿಗ್ರಿಗೆ ಮೂರು ವರ್ಷ ಕೂರೋದೇ ಕಷ್ಟ ಅನ್ನೋರು ಇದನ್ನು ಎರಡು ಸಲ ಓದ್ರಿ.

3/10
“ಹಂಗಾದ್ರ ಕೊಡಗಿನವರು?” ಅಂತ ಒಬ್ಬರು ಕೇಳಿದಿರಿ. ಒಳ್ಳೆಯ ಪ್ರಶ್ನೆ.

ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಇಟ್ಟುಕೊಳ್ಳೋದಕ್ಕೆ ಲೈಸೆನ್ಸಿನಿಂದ ವಿನಾಯಿತಿ ಇದೆ. ಬ್ರಿಟಿಷರ ಕಾಲದಿಂದ ಬಂದದ್ದು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಕೂಡ ಅದನ್ನು ಎತ್ತಿಹಿಡಿಯಿತು. ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ ಮಾಡೋದನ್ನು ನೀವು ಫೋಟೋದಲ್ಲಿ ನೋಡಿರುತ್ತೀರಿ. ಆದರೆ ಆ ವಿನಾಯಿತಿ ಕೋವಿ ಹೊಂದೋದಕ್ಕೆ, ಒಯ್ಯೋದಕ್ಕೆ. ಮನೆಯಲ್ಲಿ ಗುಂಡಿನ ಕಾರ್ಖಾನೆ ಹಾಕೋದಕ್ಕಲ್ಲ.

ಇನ್ನು ಸೀಸ. ಕಾನೂನು ಒಂದು ಕಡೆ ಇಡ್ರಿ, ಸೀಸ ತಾನೇ ಒಂದು ಶಿಕ್ಷೆ. ಹಳೆಯ ಬ್ಯಾಟರಿ ಒಡೆದು ಹಿತ್ತಲಲ್ಲಿ ಸೀಸ ಕರಗಿಸೋದು ಹಳ್ಳಿಗಳಲ್ಲಿ, ಗುಜರಿ ಅಂಗಡಿಗಳಲ್ಲಿ ಇನ್ನೂ ನಡೆಯುತ್ತದೆ. ಅದರ ಹೊಗೆ, ಧೂಳು ಮೈಗೆ ಸೇರಿದರೆ ಸುಲಭಕ್ಕೆ ಹೊರಗೆ ಹೋಗಲ್ಲ, ಎಲುಬಿನಲ್ಲಿ ಕೂರುತ್ತದೆ. ಸಣ್ಣ ಮಕ್ಕಳ ಮಿದುಳಿಗೆ ಎಲ್ಲರಿಗಿಂತ ಹೆಚ್ಚು ಪೆಟ್ಟು. ಇಷ್ಟೇ ಸೀಸ ಆದರೆ ಪರವಾಗಿಲ್ಲ ಅಂತ ಹೇಳೋ ಅಳತೆಯೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಿತ್ತಲಲ್ಲಿ ಕರಗಿಸಿದ್ದು ಅಡುಗೆಮನೆಗೆ ಕಾಲಿನ ಧೂಳಾಗಿ ಬರುತ್ತದೆ.

ಆ ಬುಲೆಟ್ ಬಿಟ್ಟುಬಿಡ್ರಿ. ನಮ್ಮ ಬುಲೆಟ್‌ಗೆ ಬರೋಣ.

4/10
ಹೆಸರು ಎರಡಕ್ಕೂ ಒಂದೇ ಆಗಿರೋದು ಕಾಕತಾಳೀಯ ಅಲ್ಲ, ಗೊತ್ತಾ? ರಾಯಲ್ ಎನ್‌ಫೀಲ್ಡ್ ಅನ್ನೋ ಹೆಸರು ಬಂದದ್ದೇ ಇಂಗ್ಲೆಂಡಿನ ಎನ್‌ಫೀಲ್ಡ್‌ನಲ್ಲಿದ್ದ ಸರ್ಕಾರಿ ಬಂದೂಕು ಕಾರ್ಖಾನೆಯಿಂದ. ಕಂಪನಿ ಅವರಿಗೆ ಬಿಡಿಭಾಗ ಮಾಡಿಕೊಡುತ್ತಿತ್ತು. ಅದಕ್ಕೇ ಅದರ ಲಾಂಛನದಲ್ಲಿ ಫಿರಂಗಿ, ಅದಕ್ಕೇ ‘ಮೇಡ್ ಲೈಕ್ ಎ ಗನ್’ ಅನ್ನೋ ಘೋಷಣೆ. ಬುಲೆಟ್ ಅನ್ನೋ ಬೈಕ್ ಬಂದದ್ದು 1932ರಲ್ಲಿ. 1955ರಲ್ಲಿ ಮದ್ರಾಸಿನಲ್ಲಿ ಎನ್‌ಫೀಲ್ಡ್ ಇಂಡಿಯಾ ಶುರುವಾಯಿತು. ಇಂಗ್ಲೆಂಡಿನ ಕಾರ್ಖಾನೆ ಬಾಗಿಲು ಹಾಕಿದ ಮೇಲೂ ನಮ್ಮ ದೇಶದಲ್ಲಿ ಬುಲೆಟ್ ಓಡುತ್ತಲೇ ಇದೆ.

ಶಿಗ್ಗಾವಿ ಬಸ್‌ಸ್ಟ್ಯಾಂಡ್ ಹತ್ತಿರ ನಿಂತರೆ ಕಣ್ಣು ಮುಚ್ಚಿಕೊಂಡೇ ಅದರ ಸದ್ದು ಗುರುತಿಸಬಹುದು. ಅಪ್ಪನ ಕಾಲದ ಹಳೆಯ ಗಾಡಿಯನ್ನು ಮತ್ತೆ ಹೊಸದು ಮಾಡಿಸೋ ಹುಚ್ಚು ಈಗ ನಮ್ಮ ವಯಸ್ಸಿನವರಿಗೆ ಹತ್ತಿದೆ. ಹಾಗೆ ಮಾಡಿಸೋವಾಗ ಫ್ರೇಮು, ಸ್ಟ್ಯಾಂಡು, ಚಕ್ರದ ರಿಮ್ಮು, ಕ್ರ್ಯಾಶ್ ಗಾರ್ಡು ಎಲ್ಲ ಪೌಡರ್ ಕೋಟಿಂಗಿಗೆ ಹೋಗುತ್ತವೆ. ನಮ್ಮ ಮಾಮಾನ ಕೈಗೆ ಬರೋದು ಅವೇ.

5/10
ಈಗ ಇದು ಏನು ಅಂತ ಸರಿಯಾಗಿ ತಿಳ್ಕೊಳ್ರಿ.

ನಮ್ಮ ಅಜ್ಜಿಯ ಕಾಲದಲ್ಲಿ ಊರಿಗೆ ಕಲಾಯಿ ಹಾಕೋರು ಬರುತ್ತಿದ್ದರು. ತಾಮ್ರ, ಹಿತ್ತಾಳೆ ಪಾತ್ರೆಯನ್ನು ಕಾಯಿಸಿ, ನವಸಾಗರ ಹಾಕಿ ಉಜ್ಜಿ, ತವರ ಸವರುತ್ತಿದ್ದರು. ತವರ 232 ಡಿಗ್ರಿಗೆ ಕರಗಿ ಪಾತ್ರೆಯ ಒಳಗೆ ಬೆಳ್ಳಗೆ ಹರಡುತ್ತಿತ್ತು. ಲೋಹದ ಮೇಲೆ ಬಿಸಿಯಿಂದ ಒಂದು ಪದರ ಕೂರಿಸೋದು ನಮಗೆ ಹೊಸದಲ್ಲ.

ಪೌಡರ್ ಕೋಟಿಂಗ್‌ನಲ್ಲಿ ತವರದ ಬದಲು ರಾಳದ ಪುಡಿ. ರಾಳ, ಅದನ್ನು ಗಟ್ಟಿ ಮಾಡೋ ವಸ್ತು, ಬಣ್ಣ, ಇನ್ನಷ್ಟು ಸೇರ್ಪಡೆ ಎಲ್ಲ ಕೂಡಿಸಿ ಕರಗಿಸಿ, ಆರಿಸಿ, ಮೈದಾ ಹಿಟ್ಟಿನ ಹಾಗೆ ಬೀಸುತ್ತಾರೆ. ಒಂದೊಂದು ಕಣ ಸರಾಸರಿ 30ರಿಂದ 50 ಮೈಕ್ರಾನ್. ಥಿನ್ನರ್ ಇಲ್ಲ, ಟರ್ಪೆಂಟೈನ್ ಇಲ್ಲ.

ಗನ್ನಿನಿಂದ ಪುಡಿ ಹೊರಗೆ ಬರುವಾಗ ಅದಕ್ಕೆ ವಿದ್ಯುತ್ ಆವೇಶ ಸಿಗುತ್ತದೆ. ಗನ್ನಿನ ತುದಿಯಲ್ಲಿ 60ರಿಂದ 100 ಸಾವಿರ ವೋಲ್ಟ್. ಕರೆಂಟ್ ಮಾತ್ರ ತೀರಾ ಕಡಿಮೆ. ನೇತುಹಾಕಿದ ಫ್ರೇಮಿಗೆ ಅರ್ಥಿಂಗ್ ಕೊಟ್ಟಿರುತ್ತಾರೆ. ಬಾಚಣಿಗೆ ಉಜ್ಜಿ ಕಾಗದದ ಚೂರು ಎತ್ತಿದ್ದು ನೆನಪಿದೆಯಲ್ಲ? ಅದೇ ಆಟ. ಪುಡಿ ತಾನೇ ಹುಡುಕಿಕೊಂಡು ಹೋಗಿ ಫ್ರೇಮಿನ ಹಿಂದಿನ ಕಡೆಗೂ ಅಂಟುತ್ತದೆ. ಅಂಟದೆ ಕೆಳಗೆ ಬಿದ್ದದ್ದನ್ನು ಜರಡಿ ಹಿಡಿದು ಮತ್ತೆ ಬಳಸಬಹುದು. ಈ ಮಾತು ನೆನಪಿಡ್ರಿ, ಲೆಕ್ಕಕ್ಕೆ ಬೇಕು.

6/10
ಆಮೇಲೆ ಭಟ್ಟಿ. ಇಂಗ್ಲಿಷಿನಲ್ಲಿ ಓವನ್, ಮಾಮಾನ ಬಾಯಲ್ಲಿ ಭಟ್ಟಿ.

ಪುಡಿ ಮೊದಲು ಕರಗಿ ಹರಿಯುತ್ತದೆ, ಆಮೇಲೆ ಅದರ ಅಣುಗಳು ಒಂದಕ್ಕೊಂದು ಬೆಸೆದುಕೊಂಡು ಗಟ್ಟಿಯಾಗುತ್ತವೆ. ಬೆಲ್ಲ ಕಾಯಿಸಿದರೆ ಕರಗುತ್ತದೆ, ಆರಿದರೆ ಗಟ್ಟಿ, ಮತ್ತೆ ಕಾಯಿಸಿದರೆ ಮತ್ತೆ ಪಾಕ. ಇದು ಬೆಲ್ಲ ಅಲ್ಲ, ರೊಟ್ಟಿ. ಒಂದು ಸಲ ಬೆಂದ ಜೋಳದ ರೊಟ್ಟಿ ಮತ್ತೆ ಹಿಟ್ಟಾಗಲ್ಲ.

ಸಾಮಾನ್ಯವಾಗಿ 180ರಿಂದ 200 ಡಿಗ್ರಿಯಲ್ಲಿ 10ರಿಂದ 15 ನಿಮಿಷ. ಎಲ್ಲರೂ ಎಡವೋದು ಇಲ್ಲೇ. ಈ 200 ಡಿಗ್ರಿ ಅನ್ನೋದು ಭಟ್ಟಿಯ ಗಾಳಿಯ ಬಿಸಿ ಅಲ್ಲ, ಲೋಹದ ಬಿಸಿ. ತೆಳು ತಗಡು ಬೇಗ ಕಾಯುತ್ತದೆ, ದಪ್ಪ ಕೊಳವೆಯ ಫ್ರೇಮ್ ತಡವಾಗಿ. ಗಡಿಯಾರ ಶುರು ಮಾಡಬೇಕಾದ್ದು ಲೋಹ ಆ ಬಿಸಿ ಮುಟ್ಟಿದ ಮೇಲೆ. ಅರೆಬೆಂದದ್ದು ನೋಡಲು ಹೊಳೆಯುತ್ತದೆ, ಮೊದಲ ಮಳೆಗಾಲಕ್ಕೆ ಚಕ್ಕೆ ಏಳುತ್ತದೆ. ಮಾಮಾ ಹೇಳೋದು ಇಷ್ಟೇ: “ಭಟ್ಟಿ ಕಾದೈತಿ ಅಂತ ಕಬ್ಬಿಣ ಕಾದೈತಿ ಅಂತಲ್ಲ.”

ಇನ್ನೊಂದು. ಒಳಗಿಡೋ ಸಾಮಾನಿಗೆ ಎಪಾಕ್ಸಿ ಪುಡಿ ಬಳಸುತ್ತಾರೆ. ಅದು ತುಕ್ಕಿಗೆ ಗಟ್ಟಿ, ಬಿಸಿಲಿಗೆ ಮೆತ್ತಗೆ. ಬಿಸಿಲಲ್ಲಿಟ್ಟರೆ ಬಣ್ಣ ಮಂಕಾಗಿ ಸುಣ್ಣದಂಥ ಪುಡಿ ಕೈಗೆ ಹತ್ತುತ್ತದೆ. ಬೈಕಿಗೆ, ಗೇಟಿಗೆ ಬೇಕಾದ್ದು ಪಾಲಿಯೆಸ್ಟರ್. ಕೇಳಿ ಹಾಕಿಸ್ರಿ.

7/10
ರೀಲ್‌ನಲ್ಲಿ ತೋರಿಸದ ಕೆಲಸ ಒಂದಿದೆ. ನಿಜವಾದ ಕೆಲಸವೇ ಅದು: ತೊಳೆಯೋದು.

ಇದಕ್ಕೆ ಈ ಧಂದೆಯಲ್ಲಿ ‘ಸೆವೆನ್ ಟ್ಯಾಂಕ್’ ಅಂತ ಹೆಸರು. ಎಣ್ಣೆ ಜಿಡ್ಡು ತೆಗೆಯೋದು, ನೀರು, ಆಮ್ಲದಲ್ಲಿ ತುಕ್ಕು ಬಿಡಿಸೋದು, ಮತ್ತೆ ನೀರು, ಆಮೇಲೆ ಫಾಸ್ಫೇಟ್ ಪದರ ಕೂರಿಸೋದು... ಹೀಗೆ ಸಾಲಾಗಿ ತೊಟ್ಟಿಗಳು. ಹಳೆಯ ಬಣ್ಣ ದಪ್ಪ ಇದ್ದರೆ ಅದಕ್ಕೂ ಮೊದಲು ಮರಳಿನಂಥ ಕಣ ಹೊಡೆದು ಕೆರೆಯಬೇಕು. ಕೊನೆಗೆ ಮೇಲೆ ಕೂರೋ ಬಣ್ಣದ ದಪ್ಪ 60ರಿಂದ 80 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗವೂ ಇಲ್ಲ. ಅದರ ಕೆಳಗೆ ತುಕ್ಕಿನ ಒಂದು ಚುಕ್ಕಿ ಉಳಿದರೂ ಒಳಗೊಳಗೇ ಹರಡುತ್ತದೆ.

ತೊಳೆದ ನೀರು ಎಲ್ಲಿಗೆ ಹೋಗುತ್ತದೆ? ಅದರಲ್ಲಿ ಆಮ್ಲ ಇದೆ, ಫಾಸ್ಫೇಟ್ ಇದೆ. ನಮ್ಮ ಹಿರೇಬೆಂಡಿಗೇರಿಯಲ್ಲಿ ಹೊಲದ ಬದುವಿಗೆ ಬಿಟ್ಟರೆ ಪಕ್ಕದ ಹೊಲದವರು ಸುಮ್ಮನೆ ಬಿಡ್ತಾರಾ? ಬಿಡಲೂಬಾರದು. ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ, ನೀರು ಶುದ್ಧ ಮಾಡೋ ವ್ಯವಸ್ಥೆ ಎರಡೂ ಬೇಕು. ಮಾಮಾನ ಮೊದಲ ಪಟ್ಟಿಯಲ್ಲಿ ಭಟ್ಟಿ ಇತ್ತು, ಗನ್ ಇತ್ತು, ಕಂಪ್ರೆಸರ್ ಇತ್ತು. ಈ ನೀರಿನ ಸಾಲು ಇರಲಿಲ್ಲ.

8/10
ಈಗ ಮನೆಯ ಓವನ್ ಮಂಡಳಿಗೆ ಉತ್ತರ: ಬೇಡ.

ಒಂದು, ಕೇಕ್ ಮಾಡೋ ಓವನ್‌ನಲ್ಲಿ ರಾಳ ಬೇಯಿಸಿದರೆ ಅದರ ಆವಿ ಒಳಗೋಡೆಗೆ ಕೂರುತ್ತದೆ. ಆಮೇಲೆ ಅದರಲ್ಲಿ ಊಟದ ಪದಾರ್ಥ ಇಡೋ ಹಾಗಿಲ್ಲ. ಎರಡು, ಗಾಳಿಯಲ್ಲಿ ತೇಲೋ ಈ ಪುಡಿ ದಟ್ಟವಾದಾಗ ಒಂದು ಕಿಡಿ ಸಾಕು, ಭಗ್ ಅನ್ನುತ್ತದೆ. ಅಡುಗೆಮನೆಯಲ್ಲಿ ಗ್ಯಾಸ್ ಒಲೆ, ದೇವರ ಮನೆಯಲ್ಲಿ ದೀಪ. ಮೂರು, ಮುಚ್ಚಿದ ಕೋಣೆಯಲ್ಲಿ ಆ ಹೊಗೆಗೆ ದಾರಿಯಿಲ್ಲ.

ನಾಲ್ಕು, ಬೈಕಿನ ಎಲ್ಲ ಭಾಗವನ್ನೂ ಬೇಯಿಸೋ ಹಾಗಿಲ್ಲ. ರಬ್ಬರ್, ಬೇರಿಂಗ್, ಆಯಿಲ್ ಸೀಲ್ ಪೂರ್ತಿ ತೆಗೆದಿರಬೇಕು. ಅಲ್ಯುಮಿನಿಯಂ ಅಲಾಯ್ ಚಕ್ರಕ್ಕೆ ಬಿಸಿ ಹೆಚ್ಚಾದರೆ, ಹೊತ್ತು ಹೆಚ್ಚಾದರೆ ಲೋಹದ ಗಟ್ಟಿತನ ಕಡಿಮೆಯಾಗಬಹುದು. ಚಕ್ರ ಅಂದರೆ ಜೀವ. ಐದು, ಫ್ರೇಮಿನ ಮೇಲಿನ ಚಾಸಿ ನಂಬರ್ ಅಳಿಸದಂತೆ, ಮುಚ್ಚದಂತೆ ಟೇಪ್ ಹಚ್ಚಬೇಕು. ಆ ನಂಬರ್ ಕಾಣದಿದ್ದರೆ ಗಾಡಿ ನಿಮ್ಮದು ಅಂತ ಹೇಗೆ ತೋರಿಸುತ್ತೀರಿ?

9/10
ಇನ್ನು ಯಾರೂ ಫೋಟೋ ಹಾಕದ ವಿಷಯ. ಗನ್ ಹಿಡಿದವರ ಮುಖ.

ಮಾಮಾ ಒಂಬತ್ತು ವರ್ಷದಿಂದ ಹುಬ್ಬಳ್ಳಿ ಕಡೆಯ ಒಂದು ಶೆಡ್ಡಿನಲ್ಲಿ ಇದೇ ಕೆಲಸ ಮಾಡುತ್ತಾನೆ. ಸಂಜೆ ಬಸ್ಸಿಳಿದು ಬರುವಾಗ ಅವತ್ತು ಯಾವ ಬಣ್ಣ ಹೊಡೆದ ಅಂತ ಅವನ ಕಿವಿ ನೋಡಿದರೆ ಗೊತ್ತಾಗುತ್ತದೆ. ಬಿಳಿ ದಿನ ಇದ್ದರೆ ರೆಪ್ಪೆಗೂದಲು ಬೆಳ್ಳಗೆ. ಬಾಯಿಗೆ ಕಟ್ಟಿಕೊಳ್ಳೋದು ಟವೆಲ್. ಆ ಕಣದ ಅಳತೆ ನೆನಪು ಮಾಡಿಕೊಳ್ರಿ. ಟವೆಲ್ಲಿನ ನೇಯ್ಗೆಯ ಸಂದಿ ಅದಕ್ಕಿಂತ ಎಷ್ಟೋ ದೊಡ್ಡದು.

ಹೊರಗಿನ ಬಿಸಿಲಿಗೆ ಬಳಸೋ ಪಾಲಿಯೆಸ್ಟರ್ ಪುಡಿಗಳಲ್ಲಿ ಗಟ್ಟಿ ಮಾಡೋ ವಸ್ತುವಾಗಿ ಟಿಜಿಐಸಿ ಅನ್ನೋದನ್ನು ಬಹಳ ಕಾಲ ಬಳಸಿದರು. ಅದು ವಂಶವಾಹಿಗೆ ಹಾನಿ ಮಾಡಬಹುದಾದ ರಾಸಾಯನಿಕ ಅಂತ ಯುರೋಪ್ ವರ್ಗೀಕರಿಸಿದ ಮೇಲೆ ಅಲ್ಲಿಯ ಕಂಪನಿಗಳು ಬಹುಪಾಲು ಬೇರೆ ವಸ್ತುವಿಗೆ ಹೋದವು. ‘ಟಿಜಿಐಸಿ ಫ್ರೀ’ ಅಂತ ಬರೆದ ಪುಡಿ ಸಿಗುತ್ತದೆ. ಡಬ್ಬಿಯ ಮೇಲೆ ಓದಬೇಕು, ಅಷ್ಟೇ. ಸರಿಯಾದ ಮಾಸ್ಕ್, ಪುಡಿ ಎಳೆದುಕೊಳ್ಳೋ ಬೂತ್, ಕೈಗವಸು. ಇವನ್ನು ಖರ್ಚು ಅಂತ ನೋಡೋ ಕಡೆ ಟವೆಲ್ಲೇ ಗತಿ.

ಮಾಮಾ ಸ್ವಂತ ಭಟ್ಟಿ ಬೇಕು ಅನ್ನೋದು ದುಡ್ಡಿಗೆ ಮಾತ್ರ ಅಂತ ನಾನು ತಿಳಿದಿದ್ದೆ. ಲೆಕ್ಕಕ್ಕೆ ಕುಂತಾಗ ಅವನೇ ಅಂದ: “ನಂದು ಅಂತ ಆದ್ರ ಬೂತಿಗೆ ಚೊಲೋ ಫ್ಯಾನ್ ಹಾಕಿಸ್ತೀನವಾ. ಕೇಳಾಕ ಯಾರ ಮುಂದೂ ನಿಲ್ಲೂದು ಬ್ಯಾಡ.” ಅತ್ತಿ ಆಗ ರೊಟ್ಟಿ ಬಡಿಯೋದು ನಿಲ್ಲಿಸಿದಳು. ಅವಳಿಗೂ ಅದು ಹೊಸ ಮಾತು.

10/10
ಲೆಕ್ಕ. ಇಲ್ಲಿ ಬರೋ ಅಂಕಿ ನಿಮಗೆ ತಿಳಿಯಲಿ ಅಂತ ನಾನು ಇಟ್ಟುಕೊಂಡ ದುಂಡು ಅಂಕಿ. ನಿಮ್ಮ ಊರಿನ ದರ ಬೇರೆ ಇರುತ್ತದೆ.

ತಿಂಗಳಿಗೆ ಬಾಡಿಗೆ 12,000, ಸಾಲದ ಕಂತು 18,000, ಒಬ್ಬ ಸಹಾಯಕನ ಪಗಾರ 15,000, ಉಳಿದ ಕಾಯಂ ಖರ್ಚು 5,000. ಒಟ್ಟು 50,000. ಒಂದು ಬೈಕ್ ಸೆಟ್‌ಗೆ 4,000 ಬಂತು, ಪುಡಿ, ಗ್ಯಾಸ್, ರಾಸಾಯನಿಕಕ್ಕೆ 1,500 ಹೋಯಿತು ಅಂದರೆ ಉಳಿಯೋ ಕೊಡುಗೆ 2,500. ಲಾಭ ನಷ್ಟ ಎರಡೂ ಇಲ್ಲದ ಬಿಂದು 20 ಸೆಟ್. ಮಾಮಾ ಖುಷಿಯಾದ. “ಇಪ್ಪತ್ತಾ? ಆಗ್ತೈತಿ ಬಿಡು.”

ನಾನು ಕೇಳಿದೆ: “ಮಾಮಾ, ನಿನ್ನ ಪಗಾರ ಎಲ್ಲಿ ಬರದಿ?” ಬರೆದಿರಲಿಲ್ಲ. ಸ್ವಂತದ್ದು ಅಂದರೆ ತಾನು ಪುಕ್ಕಟೆ ಅಂತ ಎಲ್ಲ ಸಣ್ಣ ಮಾಲೀಕರೂ ತಿಳಿಯುತ್ತಾರೆ. ಬೇರೆ ಕಡೆ ದುಡಿದರೆ ಬರುತ್ತಿದ್ದ 20,000 ಸೇರಿಸಿದರೆ 70,000 ಆಯಿತು. ಈಗ 28 ಸೆಟ್ ಬೇಕು. ತಿಂಗಳ ಕೆಲಸದ ದಿನಗಳಿಗಿಂತ ಹೆಚ್ಚು ಬುಲೆಟ್. ನಮ್ಮ ಸುತ್ತಿನ ಹಳ್ಳಿಗಳಲ್ಲಿ ಅಷ್ಟು ಗಾಡಿ ಪ್ರತಿ ತಿಂಗಳೂ ಬರುತ್ತವಾ? ಮೂವರೂ ಸುಮ್ಮನಾದೆವು.

ಆಗ ದಾರಿ ತೋರಿಸಿದ್ದು ಮಾಮಾನ ಕೈಯ ಅನುಭವವೇ. ಭಟ್ಟಿ ಅರ್ಧ ತುಂಬಿದರೂ ಪೂರ್ತಿ ತುಂಬಿದರೂ ಗ್ಯಾಸ್ ಹೆಚ್ಚುಕಡಿಮೆ ಅಷ್ಟೇ ಉರಿಯುತ್ತದೆ. ಕೆಳಗೆ ಬಿದ್ದ ಪುಡಿ ಮತ್ತೆ ಬಳಸಬಹುದು ಅಂದೆನಲ್ಲ, ಅದು ಬಣ್ಣ ಬದಲಾಗದಿದ್ದರೆ ಮಾತ್ರ. ಬಣ್ಣ ಬದಲಿಸಿದಾಗೆಲ್ಲ ಬೂತ್ ತೊಳೆಯಬೇಕು, ಕೂಡಿದ ಪುಡಿ ಚೆಲ್ಲಬೇಕು, ಹೊತ್ತೂ ಹೋಯಿತು. ಅಂದರೆ ಸಣ್ಣ ಘಟಕವನ್ನು ತಿನ್ನೋದು ಬಣ್ಣದ ಶೋಕಿ. ಸೋಮವಾರ ಕಪ್ಪು, ಗುರುವಾರ ಬಿಳಿ ಅಂತ ವಾರ ಗೊತ್ತು ಮಾಡಿ, ಭಟ್ಟಿ ತುಂಬಿಸಿಯೇ ಹಚ್ಚಿದರೆ 1,500 ಇದ್ದದ್ದು 1,100ಕ್ಕೆ ಇಳಿಯುತ್ತದೆ ಅಂದುಕೊಳ್ರಿ. 28 ಇದ್ದದ್ದು 25 ಆಗುತ್ತದೆ. ಇನ್ನುಳಿದ ಜಾಗ ಬುಲೆಟ್‌ನಿಂದ ತುಂಬಲ್ಲ. ಕಿಟಕಿ ಗ್ರಿಲ್ಲು, ಗೇಟು, ತಿಜೋರಿ, ಟ್ರ್ಯಾಕ್ಟರ್ ಸಾಮಾನು. ಬುಲೆಟ್ ಬೋರ್ಡಿನ ಮೇಲಿರಲಿ, ಹೊಟ್ಟೆ ತುಂಬಿಸೋದು ಗ್ರಿಲ್ಲು.

ಇನ್ನು ಸಾಲ. 2021-22ರಿಂದ 2025-26ರವರೆಗೆ ಮುಂದುವರಿಸಿದ ಪಿಎಂಇಜಿಪಿ ನಿಯಮದಲ್ಲಿ ಹಳ್ಳಿಯಲ್ಲಿ ತಯಾರಿಕಾ ಘಟಕ ಹಾಕೋ ಸಾಮಾನ್ಯ ವರ್ಗದವರಿಗೆ 25%, ಮಹಿಳೆಯರೂ ಸೇರಿದ ವಿಶೇಷ ವರ್ಗಕ್ಕೆ 35% ಸಹಾಯಧನ. ಕೈಯಿಂದ ಹಾಕಬೇಕಾದ್ದು ಸಾಮಾನ್ಯರು 10%, ವಿಶೇಷ ವರ್ಗದವರು 5%. ಆದರೆ ಆ ಸಹಾಯಧನ ಕೈಗೆ ಬರಲ್ಲ. ಮೂರು ವರ್ಷ ಬ್ಯಾಂಕಿನಲ್ಲೇ ಠೇವಣಿಯಾಗಿ ಇದ್ದು, ಘಟಕ ನಡೆಯುತ್ತಿದ್ದರೆ ಆಮೇಲೆ ಸಾಲಕ್ಕೆ ಜಮಾ. “ಸಬ್ಸಿಡಿ ಬಂದ ಕೂಡ್ಲೇ ಬಂಗಾರ ಬಿಡಸ್ಕೋಬಹುದು” ಅಂತ ಮಾಮಾಗೆ ಯಾರೋ ಹೇಳಿದ್ದರು. ಅದು ಆಗದ ಮಾತು.

ಇದನ್ನೆಲ್ಲ ಕೇಳಿ ಅತ್ತಿ ಒಂದೇ ಮಾತು ಕೇಳಿದಳು: “ಹೆಣ್ಮಕ್ಳ ಹೆಸರಿಗೆ ಹೆಚ್ಚಿಗಿ ಅಂದ್ರ, ಅರ್ಜಿ ನನ್ನ ಹೆಸರಿಲೇ ಹಾಕಬೇಕಲ್ಲ? ಹಂಗಾದ್ರ ಭಟ್ಟಿ ಯಾರದು?” ಮಾಮಾ ನಕ್ಕ. ಅತ್ತಿ ನಗಲಿಲ್ಲ. ಹೆಸರಿಗೆ ಮಾತ್ರ ಸಹಿ ಹಾಕಲ್ಲ, ಆರ್ಡರ್ ಬುಕ್ಕು ಮತ್ತು ಗಲ್ಲೆ ತನ್ನ ಕೈಯಲ್ಲಿ ಇರಬೇಕು ಅಂದಳು.

ಸದ್ಯಕ್ಕೆ ಆಗಿರೋ ತೀರ್ಮಾನ ಹೀಗಿದೆ. ಬೋರಮಾಳ ಸರ ಡಬ್ಬಿಯಲ್ಲೇ ಇರುತ್ತದೆ. ಮೂರು ತಿಂಗಳು ಮಾಮಾ ಕೆಲಸ ಬಿಡಲ್ಲ. ಅಷ್ಟರಲ್ಲಿ ಶಿಗ್ಗಾವಿ, ಬಂಕಾಪುರ, ಸವಣೂರು ಕಡೆಯ ಗ್ರಿಲ್ ವೆಲ್ಡಿಂಗ್ ಅಂಗಡಿಗಳಿಗೆ ಅತ್ತಿ ಮತ್ತು ನಾನು ಹೋಗಿ, ತಿಂಗಳಿಗೆ ಎಷ್ಟು ಕೆಲಸ ಕೊಡುತ್ತೀರಿ ಅಂತ ಬರೆಸಿಕೊಂಡು ಬರುತ್ತೇವೆ. ಬಾಯಿಮಾತಲ್ಲ, ಕಾಗದ. ಕಾಗದದಲ್ಲಿ 25 ಸೆಟ್‌ಗೆ ಸಮನಾದ ಕೆಲಸ ಕಂಡರೆ ಬ್ಯಾಂಕಿಗೆ. ಕಾಣದಿದ್ದರೆ ಈ ವರ್ಷ ಬೇಡ. ಮೊದಲ ಖರೀದಿ ಏನು ಅಂತ ಮಾತ್ರ ಅವತ್ತೇ ಗಟ್ಟಿಯಾಯಿತು: ಮಾಮಾಗೆ ಒಂದು ಒಳ್ಳೆಯ ಮಾಸ್ಕ್. ಅದಕ್ಕೆ ಯಾವ ಸಾಲವೂ ಬೇಡ, ಮರುದಿನವೇ ತಂದೆವು.

ನೀವು ಗಾಡಿ ಕೋಟಿಂಗಿಗೆ ಕೊಡುವಾಗ ಮೂರು ಕೇಳ್ರಿ: ಹೇಗೆ ತೊಳೀತೀರಿ, ಯಾವ ಪುಡಿ, ಬೇಯಿಸೋದು ಎಷ್ಟು ಹೊತ್ತು. ನಾಲ್ಕನೇದು ಕೇಳಬೇಡ್ರಿ, ನೋಡ್ರಿ. ಗನ್ ಹಿಡಿದವರ ಬಾಯಿಗೆ ಏನು ಕಟ್ಟಿದೆ ಅಂತ.

ನಿಮ್ಮ ಊರಿನಲ್ಲಿ ಗ್ರಿಲ್ ಅಂಗಡಿ ಇದ್ದರೆ ಕಾಮೆಂಟಿನಲ್ಲಿ ಊರಿನ ಹೆಸರು ಹಾಕ್ರಿ. ಅತ್ತಿಯ ಪಟ್ಟಿ ಇನ್ನೂ ಅರ್ಧ ಖಾಲಿ ಇದೆ.

#ಹಿರೇಬೆಂಡಿಗೇರಿ #ಶಿಗ್ಗಾವಿ #ಬಿಕಾಂಲೆಕ್ಕ